ಬಂಗಾರ, ಭಂಗಾರ ಮತ್ತು ಮರೆಮ್ಮನ ಹೆಬ್ಬಟ್ಟು

ನಮ್ಮ ಶಹಾಪುರದ ನಾಲಿಗೆಗೆ ಮಹಾಪ್ರಾಣದ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಬೆಂಗಳೂರು ಕಡೆಯವರು ಗುಜರಿ ಅನ್ನುವುದನ್ನು ನಾವು ಭಂಗಾರ ಅನ್ನುತ್ತೇವೆ. ಅನ್ನುವಾಗ ಮಾತ್ರ ಕೊರಳಿಗೆ ಹಾಕುವ ಬಂಗಾರವೂ ತಳ್ಳುಗಾಡಿಗೆ ಹಾಕುವ ಭಂಗಾರವೂ ಒಂದೇ ಸದ್ದು ಮಾಡುತ್ತವೆ. ಮೈಸೂರಿನಿಂದ ಹೊಸದಾಗಿ ವರ್ಗವಾಗಿ ಬಂದ ಮಾಸ್ತರರೊಬ್ಬರು, ಓಣಿಯಲ್ಲಿ ಭಂಗಾರದ ಗಾಡಿಯ ಹುಸೇನಪ್ಪ ‘ಬಂಗಾರೇಯ್’ ಎಂದು ಕೂಗುವುದನ್ನು ಕೇಳಿ, ಇಷ್ಟು ಶ್ರೀಮಂತ ಊರೇ ಇದು ಎಂದು ಬಾಗಿಲು ತೆರೆದು ನೋಡಿದ್ದರಂತೆ.

ನಾನು ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡವನು. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು, ಮುದುಕರ ಪಗಾರ ಎನ್ನುವ ವೃದ್ಧಾಪ್ಯ ವೇತನ ಅಂತ ಊರಿನ ಅರ್ಧ ಬದುಕು ನನ್ನ ಅಂಗಡಿಯಲ್ಲಿ ಹಾದು ಹೋಗುತ್ತದೆ. ಏನನ್ನೂ ಎಸೆಯಲಾರದ ಸ್ವಭಾವ ನನ್ನದು. ಸತ್ತ ಕಂಪ್ಯೂಟರುಗಳು ಒಳಕೋಣೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಮಹಾನವಮಿಗೆ ಅವಕ್ಕೂ ಕುಂಕುಮ, ಚೆಂಡುಹೂವು ತಪ್ಪುತ್ತಿರಲಿಲ್ಲ. ಬದುಕಿದ್ದಾಗ ಒಂದು ದಿನವೂ ಧೂಳು ಒರೆಸದವರು ಸತ್ತ ಮೇಲೆ ಪೂಜೆ ಮಾಡುತ್ತೀರಿ, ನಿಮ್ಮ ಮನೆತನದ ಪದ್ಧತಿಯೇ ಇದು ಎಂದು ನನ್ನ ಹೆಂಡತಿ ಒಮ್ಮೆ ಅಂದಳು. ಮಾತು ಕಂಪ್ಯೂಟರಿನ ಬಗೆಗಷ್ಟೇ ಅಲ್ಲ, ನಮ್ಮ ಮನೆಯ ಹಿರಿಯರ ಬಗೆಗೂ ಎಂಬುದು ನನಗೆ ತಿಳಿಯಿತು.

ಈ ಸಲ ಕೋಣೆ ಖಾಲಿಯಾಗಲೇಬೇಕು ಎಂದು ಹಟ ಹಿಡಿದಳು. ಹುಸೇನಪ್ಪನನ್ನು ಕರೆದೆ. ಇವುಗಳ ಹೊಟ್ಟೆಯಲ್ಲಿ ಚೂರುಪಾರು ಬಂಗಾರ ಇರುತ್ತದಂತೆ ಎಂದು ಅವನು ಡಬ್ಬಿಗಳನ್ನು ತಟ್ಟಿ ನೋಡಿದ. ಕೊನೆಗೂ ನಮ್ಮ ಎರಡು ಶಬ್ದಗಳು ಒಂದೇ ಆದವಲ್ಲ ಎಂದು ನನ್ನ ಜಾಣತನಕ್ಕೆ ನಾನೇ ನಗುತ್ತ ಸಾಮಾನು ಗಾಡಿಗೆ ಏರಿಸುತ್ತಿದ್ದೆ.

ಅಷ್ಟರಲ್ಲಿ ಮರೆಮ್ಮ ಬಂದಳು. ಶಿರವಾಳದವಳು. ಜೀವಮಾನವೆಲ್ಲ ಹತ್ತಿ ಹೊಲದಲ್ಲಿ ಕಳೆ ತೆಗೆದ ಮುದುಕಿ. ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಂದು ಹೆಬ್ಬಟ್ಟು ಒತ್ತಿ ಪಗಾರ ಒಯ್ಯುತ್ತಾಳೆ. ಗಾಡಿಯ ಮೇಲಿದ್ದ, ಮೂಲೆ ಒಡೆದ ಹಳದಿ ಡಬ್ಬಿಯ ಗುರುತು ಹಿಡಿದು ಅದರ ಮೇಲೆ ಕೈಯಿಟ್ಟು ನಿಂತಳು.

“ಇದನ್ನ ಎಲ್ಲಿಗಿ ಒಯ್ಯಾಕತ್ತಿಯೋ ಯಪ್ಪಾ? ಇದರಾಗ ನನ್ನ ಹೆಬ್ಬಟ್ಟದ.”

ನನಗೆ ನಗು ಬಂತು. ಹೆಬ್ಬಟ್ಟು ಇದರಲ್ಲಿ ಉಳಿಯುವುದಿಲ್ಲ, ಅದು ಸೀದಾ ಸರಕಾರಕ್ಕೆ ಹೋಗುತ್ತದೆ ಎಂದು ತಿಳಿಸಿ ಹೇಳತೊಡಗಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ಸಣ್ಣದಾಯಿತು. ಮಷಿನ್‌ಗೆ ಒತ್ತಿದ ಹೆಬ್ಬಟ್ಟು ಇರಲಿಕ್ಕಿಲ್ಲ. ಆದರೆ ಅವಳ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಮಸಿ ಹಚ್ಚಿ ಒತ್ತಿದ್ದ ಅರ್ಜಿ, ಎಲ್ಲ ನಾನೇ ಸ್ಕ್ಯಾನ್ ಮಾಡಿ ಇಟ್ಟವು, ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇದ್ದವು. ಅವಳದಷ್ಟೇ ಏಕೆ, ಊರಿನದೆಲ್ಲ ಇತ್ತು. ಕಂಪ್ಯೂಟರ್ ಸತ್ತರೆ ಅದರ ಬಾಯಿಯೂ ಮುಚ್ಚುತ್ತದೆ ಅಂದುಕೊಂಡಿದ್ದೆ.

“ನಮ್ಮಪ್ಪ ಒಂದ್ಸಲ ಖಾಲಿ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿದ,” ಎಂದಳು ಮರೆಮ್ಮ. “ಅವತ್ತಿಂದ ನಮ್ಮ ಹೊಲಕ್ಕ ನಾವೇ ಕೂಲಿಗಿ ಹೋಗ್ತೀವಿ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ಬಸ್ಸು ತಡವಾಯಿತು ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದಳು. ನನಗೆ ನಾಚಿಕೆಯಾಯಿತು.

ಸಾಮಾನು ಇಳಿಸಲು ಹೇಳಿದಾಗ ಹುಸೇನಪ್ಪ ಸ್ವಲ್ಪ ಗೊಣಗಿದ. ಆಮೇಲೆ ತಾನೇ, ತನ್ನಿಂದ ಸಾಮಾನು ಕೊಳ್ಳುವ ದೊಡ್ಡ ವ್ಯಾಪಾರಿ ವೈರುಗಳನ್ನು ಹಳ್ಳದ ದಂಡೆಯಲ್ಲಿ ಸುಟ್ಟು ತಾಮ್ರ ತೆಗೆಯುತ್ತಾನೆ, ಆ ಹೊಗೆಗೆ ಕಣ್ಣು ತೆರೆಯಲು ಆಗುವುದಿಲ್ಲ, ಉಳಿದದ್ದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು ಎಂದ. ಯಾದಗಿರಿ, ಸುರಪುರ ಎಲ್ಲ ಕಡೆ ಫೋನು ಹಚ್ಚಿ ವಿಚಾರಿಸಿದೆ. ಇಂಥದನ್ನು ಸುಡದೆ ಬಿಚ್ಚಿ ಬೇರ್ಪಡಿಸುವ, ಪರವಾನಗಿ ಇದ್ದವರ ಗಾಡಿ ಕಲಬುರಗಿಗೆ ಬರುತ್ತದೆ ಎಂದು ತಿಳಿಯಿತು. ಡಿಸ್ಕನ್ನೂ ಅವರೇ ನಾಶ ಮಾಡಿ ಅದಕ್ಕೊಂದು ಪ್ರಮಾಣಪತ್ರ ಕೊಡುತ್ತಾರಂತೆ. ಕಾಗದ ಅಂದೊಡನೆ ಮರೆಮ್ಮ ಬೇಡವೆಂದು ಗೋಣು ಅಲ್ಲಾಡಿಸಿದಳು. ಹೊಲ ಹೋದದ್ದೂ ಕಾಗದದಿಂದಲೇ ಅಲ್ಲವೆ?

ಕೊನೆಗೆ ಡಿಸ್ಕುಗಳನ್ನೆಲ್ಲ ಹೊರತೆಗೆದು, ಬಾಜೂ ಫರ್ನಿಚರ್ ಅಂಗಡಿಯ ಡ್ರಿಲ್ ಮಷಿನ್ ತಂದು ಅವಳೆದುರೇ ಒಂದೊಂದಕ್ಕೂ ನಾಲ್ಕಾರು ಕಡೆ ತೂತು ಹಾಕಿಸಿದೆ. ಒಂದನ್ನು ಎತ್ತಿ ತೂತಿನಿಂದ ಆಕಾಶ ನೋಡಿದಳು. ಇದರಲ್ಲಿ ತಾನು ಎಲ್ಲಿದ್ದೆ ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಆ ತೂತುಬಿದ್ದ ಡಿಸ್ಕುಗಳೂ ಡಬ್ಬಿಗಳೂ ಹುಸೇನಪ್ಪನ ಗಾಡಿಯಲ್ಲೇ ಕಲಬುರಗಿಯ ಟೆಂಪೊವರೆಗೆ ಹೋದವು. ರೂಢಿ ನೋಡಿ, ಬಾಡಿಗೆಗೆ ಹೊರಟವನು ದಾರಿಯುದ್ದಕ್ಕೂ ‘ಬಂಗಾರೇಯ್’ ಎಂದು ಕೂಗುತ್ತಲೇ ಹೋದ.

ಮುಂದಿನ ತಿಂಗಳು ಮರೆಮ್ಮ ಮತ್ತೆ ಬಂದಳು. ಅವಳ ಹೆಬ್ಬಟ್ಟನ್ನು ಮಷಿನ್ ಒಪ್ಪಲಿಲ್ಲ. ಕಳೆ ಕಿತ್ತು ಕಿತ್ತು ಗೆರೆ ಸವೆದಿವೆ. ಸೆರಗಿಗೆ ಒರೆಸಿ, ಊದಿ, ಮತ್ತೆ ಮತ್ತೆ ಒತ್ತಿದ ಮೇಲೆ ಹಸಿರು ದೀಪ ಹತ್ತಿತು. ಇಷ್ಟು ಸವೆದದ್ದನ್ನು ಎಷ್ಟು ಜೋಪಾನ ಮಾಡುತ್ತಾಳೆ ಎಂದು ನೋಡುತ್ತ ಕೂತೆ. ಅವಳು ಹೊಸ ಕಂಪ್ಯೂಟರಿನ ಕಡೆ ಬೆರಳು ಮಾಡಿ, ಇದು ಹಳೆಯದಾದ ಮೇಲೂ ಹಾಗೇ ತೂತು ಹಾಕಬೇಕು ಎಂದಳು. ಬೇಕಾದರೆ ನಾನೇ ಹೆಬ್ಬಟ್ಟು ಒತ್ತಿ ಬರೆದುಕೊಡುತ್ತೇನೆ ಎಂದು ಚೇಷ್ಟೆ ಮಾಡಿದೆ.

“ಹೆಬ್ಬಟ್ಟು ಯಾಕೋ ಯಪ್ಪಾ,” ಎಂದಳು. “ಬಾಯಿಲೆ ಹೇಳು, ಸಾಕು.”

ಹೇಳಿದೆ.