ಒಣಗಿದ ಲವಾಶು ಹಳಸಿದ್ದಲ್ಲ

ಇಡೀ ಸ್ಯಾನ್ ಮಟಿಯೋದಲ್ಲಿ ನನಗಿಂತ ಮೊದಲು ಏಳುವವರು ಇನ್ನೂ ಹುಟ್ಟಿಲ್ಲ. ಇದರಲ್ಲಿ ಅರ್ಧ ಸುಳ್ಳು. ಹ್ರಿಪ್ಸಿಮೆ ಹುಟ್ಟಿದ್ದಾಳೆ. ನಾನು ಹಲ್ಲುಜ್ಜುವಷ್ಟರಲ್ಲಿ ಅವಳು ನೂರು ಲವಾಶು, ಅಂದರೆ ಅವರ ಕಡೆಯ ತೆಳು ರೊಟ್ಟಿ, ಬೇಯಿಸಿ ಒಟ್ಟಿರುತ್ತಾಳೆ.

ಬೆಳಗಿನ ಐದು ಗಂಟೆ. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಗ್ರೋಸರಿಯ ಹಿಂಬಾಗಿಲು ತೆರೆದಿದೆ. ಒಳಗೆ ನೆಲದಲ್ಲಿ ಹುಗಿದ ಮಣ್ಣಿನ ಒಲೆ. ಆರ್ಮೇನಿಯಾದವರು ಅದನ್ನು ತೋನಿರ್ ಎನ್ನುತ್ತಾರೆ. ಎಪ್ಪತ್ತೊಂದರ ಹ್ರಿಪ್ಸಿಮೆ ಲಟ್ಟಿಸಿದ ಹಿಟ್ಟನ್ನು ಕೈಯಿಂದ ಕೈಗೆ ಹಾರಿಸಿ ಪಂಚೆಯಷ್ಟು ಅಗಲ ಮಾಡುತ್ತಾಳೆ. ಹುಲ್ಲು ತುಂಬಿದ ಗಟ್ಟಿ ದಿಂಬಿನ ಮೇಲೆ ಹಾಸಿ, ಸೊಂಟ ಬಗ್ಗಿಸಿ, ದಿಂಬಿನಿಂದಲೇ ಒಲೆಯ ಗೋಡೆಗೆ ಬಡಿಯುತ್ತಾಳೆ. ಅರೆನಿಮಿಷಕ್ಕೆ ಕೊಕ್ಕೆಯಿಂದ ಎಳೆದು ತೆಗೆಯುತ್ತಾಳೆ. ಆ ಝಳಕ್ಕೆ ನನ್ನ ಕನ್ನಡಕ ಎರಡು ಸಲ ಕರಗಿದೆ ಎಂದರೆ ನೀವು ನಂಬಲೇಬೇಕು.

ದಿನಕ್ಕೆ ನಾನ್ನೂರು ಲವಾಶು. ಅವಳ ಊರಲ್ಲಿ ಇದು ನಾಲ್ವರು ಹೆಂಗಸರ ಕೆಲಸ: ಉಂಡೆ ಕಟ್ಟಲು ಒಬ್ಬಳು, ಲಟ್ಟಿಸಲು ಒಬ್ಬಳು, ಬಡಿಯಲು, ತೆಗೆಯಲು ಒಬ್ಬೊಬ್ಬಳು. ಇಲ್ಲಿ ಹನ್ನೆರಡು ವರ್ಷದಿಂದ ನಾಲ್ವರೂ ಇವಳೇ. ಪೊಟ್ಟಣದ ಮೇಲೆ ಮಾತ್ರ ಬಿಳಿ ಟೋಪಿಯ ಮೀಸೆಯವನ ಚಿತ್ರ! ಆ ಮೀಸೆಯವನು ಒಂದು ದಿನವಾದರೂ ಈ ಒಲೆಗೆ ಬಗ್ಗಿದ್ದನ್ನು ನಾನು ಕಂಡಿಲ್ಲ.

"ಕೈ ನೋಯೂದಿಲ್ಲೇನ?" ಎಂದು ಕೇಳುತ್ತೇನೆ.

"ಯಾವ ಕೈ ಅಂತ ಕೇಳಬ್ಯಾಡ ನಾಗವ್ವ. ನಾ ಹೆಚ್ಚು, ನೀ ಹೆಚ್ಚು ಅಂತ ಎರಡೂ ಜಗಳಾಡತಾವು."

ಅವಳ ಇಂಗ್ಲಿಷು ನನ್ನದರಷ್ಟೇ ಕುಂಟು. ಉಳಿದದ್ದನ್ನು ನನ್ನ ಮೊಮ್ಮಗಳು ತನ್ವಿಯ ಫೋನು ಕನ್ನಡಕ್ಕೆ ತಿರುಗಿಸಿ ಹೇಳುತ್ತದೆ. ಬರೆಯುವಾಗ ಅವಳ ಬಾಯಿಗೆ ನಮ್ಮ ಬಾಗಲಕೋಟೆಯ ಮಾತು ಹಾಕಿದ್ದೇನೆ. ಅವಳಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಅವಳ ಊರು ತಾಂಝಬ್ಯೂರ್, ಆರ್ಮೇನಿಯಾದ ಉತ್ತರದ ಗುಡ್ಡಗಳಲ್ಲಿ. ಅರವತ್ತೆರಡು ಮನೆ, ಒಂದು ಒರತೆ, ಒಂದು ಕಲ್ಲಿನ ಚರ್ಚು. ಸೋವಿಯತ್ ಕಾಲದಲ್ಲಿ ಚರ್ಚಿಗೆ ಬೀಗ ಹಾಕಿ ಸರ್ಕಾರಿ ಆಲೂಗಡ್ಡೆ ತುಂಬಿದರು. "ನಮ್ಮವ್ವ ಆಲೂಗಡ್ಡಿ ತರತೀನಿ ಅಂತ ಹೋಗಿ ಕೈಮುಗದು ಬರತಿದ್ಲು. ಆ ವರ್ಷ ನಮ್ಮನ್ಯಾಗ ದಿನಾ ಆಲೂಗಡ್ಡಿ."

ಎಂಬತ್ತೆಂಟರ ಡಿಸೆಂಬರಿನಲ್ಲಿ ಭೂಮಿ ನಡುಗಿತು. ನಲವತ್ತು ಮನೆ ಉರುಳಿದವು. ಹ್ರಿಪ್ಸಿಮೆಯ ಗಂಡ ಗೋಡೆಯಡಿ ಹೋದ. ಹಿಂದೆಯೇ ಕರೆಂಟಿಲ್ಲದ ಚಳಿಗಾಲಗಳು ಬಂದವು. "ತೋನಿರ್ ಮಾತ್ರ ಬೀಳಲಿಲ್ಲ. ನೆಲದಾಗ ಇದ್ದದ್ದು ಎಲ್ಲಿಗೆ ಬೀಳಬೇಕು?" ಸುಗ್ಗಿ ಮುಗಿದ ಮೇಲೆ ರಾಶಿಗಟ್ಟಲೆ ಬೇಯಿಸಿ ಒಣಗಿಸಿಟ್ಟ ಲವಾಶೇ ಉಳಿದವರನ್ನು ಬದುಕಿಸಿತು. ತಿನ್ನುವ ಮೊದಲು ನೀರು ಚಿಮುಕಿಸಿ ಬಟ್ಟೆ ಸುತ್ತಿಟ್ಟರೆ ಸಾಕು, ಮೆತ್ತಗಾಗುತ್ತದೆ. ನಮ್ಮ ಖಡಕ್ ರೊಟ್ಟಿಯ ಒಡಹುಟ್ಟಿದ ಅಕ್ಕ!

ಆ ಊರಿನ ಹನ್ನೊಂದು ಕುಟುಂಬ ಈಗ ಬೇ ಏರಿಯಾದಲ್ಲಿವೆ. ವರ್ಷಕ್ಕೊಮ್ಮೆ ಲಿವರ್‌ಮೋರ್‌ನ ದ್ರಾಕ್ಷಿತೋಟವೊಂದರಲ್ಲಿ ಸೇರುತ್ತಾರೆ. ಬಿದ್ದ ಮನೆಗೊಂದರಂತೆ ನಲವತ್ತು ಒಣ ಲವಾಶು ಒಯ್ಯುವವಳು ಹ್ರಿಪ್ಸಿಮೆ. ಒಂದೊಂದು ಮನೆಯ ಹೆಸರು ಹೇಳಿ ಒಂದೊಂದನ್ನು ಮುರಿದು ಹಂಚುತ್ತಾರೆ. ಈ ವರ್ಷದ್ದನ್ನು ಕೆಲಸ ಮುಗಿದ ಮೇಲೆ ತನ್ನದೇ ಹಿಟ್ಟಿನಲ್ಲಿ ಮಾಡಿ, ಒಲೆಯ ಬದಿಯ ಹಲಗೆಯ ಮೇಲೆ ಒಣಗಲು ಇಟ್ಟಿದ್ದಳು.

ಮೊನ್ನೆ ಬುಧವಾರ ಗ್ರೋಸರಿಯ ಹೊಸ ಮ್ಯಾನೇಜರು, ಕನ್ನಡದ ಹುಡುಗ ಗುರುಕಿರಣ, ಅಷ್ಟನ್ನೂ ಕಸದ ಡಬ್ಬಿಗೆ ಸುರಿದ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಕಾಗದವನ್ನೂ ಕೊಟ್ಟ. ಕೂಟ ಇರುವುದು ಈ ಭಾನುವಾರ.

ನನಗೆ ತಡೆಯಲಾಗಲಿಲ್ಲ. ಕೌಂಟರಿಗೇ ಹೋದೆ.

"ಅಜ್ಜಿ, ಅದು ಎಕ್ಸ್‌ಪೈರ್ ಆಗಿತ್ತು. ಇನ್‌ಸ್ಪೆಕ್ಷನ್ನು ಬಂದ್ರೆ ನಂಗೆ ಪ್ರಾಬ್ಲಮ್ಮು."

"ನಿಮ್ಮವ್ವ ಗದಗದಾಕಿ ಹೌದಲ್ಲೊ? ಡಬ್ಬಿಗಟ್ಟಲೆ ಸಜ್ಜಿ ರೊಟ್ಟಿ ಕಳಸತಾಳ. ಅವನ್ನೂ ಕಸಕ್ಕ ಹಾಕ್ತೀ ಏನ?"

"ಅದು ಬೇರೆ, ಅಜ್ಜಿ."

"ಏನಪಾ ಬ್ಯಾರೆ? ಹಿಟ್ಟು ಬ್ಯಾರೆ, ಅಷ್ಟ!"

ಅವನು ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ. ನಾನು ಒಲೆಯ ಕೋಣೆಗೆ ಬಂದೆ. ಹ್ರಿಪ್ಸಿಮೆ ಕೂಗಾಡುವವಳಲ್ಲ. "ಹಿಟ್ಟು ಹೋತು ಅಂತ ಅಲ್ಲ ನಾಗವ್ವ. ಆ ನಲವತ್ತು ಮನಿ ಇನ್ನೊಮ್ಮೆ ಬಿದ್ದಂಗಾತು." ಏನು ಬೇಕು ನಿನಗೆ ಎಂದೆ. "ಯಾರೂ ಮುಟ್ಟದಂಥಾ ಒಂದು ಹಲಗಿ. ಅದಕ್ಕ ನಮ್ಮೂರಿನ ಹೆಸರು. ಮತ್ತೇನಿಲ್ಲ."

ಇವತ್ತು ಶುಕ್ರವಾರ. ಅವಳ ಮನೆಯಲ್ಲಿ ಹೋದ ವರ್ಷದ್ದೊಂದು ಒಣ ಲವಾಶು ಉಳಿದಿತ್ತು. ನೀರು ಚಿಮುಕಿಸಿ, ಬಟ್ಟೆ ಸುತ್ತಿ, ಅರ್ಧ ಗಂಟೆ ಬಿಟ್ಟು ಗುರುಕಿರಣನ ಮುಂದೆ ನಾನೇ ಬಿಚ್ಚಿದೆ.

"ಇದು ಯಾವಾಗಿಂದು ಅಜ್ಜಿ?"

"ಮೊದ್ಲ ತಿನ್ನು, ಆಮ್ಯಾಗ ಹೇಳತೀನಿ."

ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರು ಹರಿದ. ಹೋದ ವರ್ಷದ್ದು ಎಂದಾಗ ಅಗಿಯುವುದು ನಿಂತಿತು. ಕೈ ಮಾತ್ರ ಮೂರನೆಯ ಚೂರಿಗೆ ಹೋಯಿತು. ತಾಂಝಬ್ಯೂರಿನ ನಲವತ್ತು ಮನೆಯ ಕತೆಯನ್ನೂ ಅವಳು ಕೇಳುವ ಹಲಗೆಯ ಮಾತನ್ನೂ ಆಗಲೇ ಹೇಳಿಬಿಟ್ಟೆ. ಆಮೇಲೆ ಅವನು ಜೇಬಿನಿಂದ ದಪ್ಪ ಮಾರ್ಕರು ತೆಗೆದು, ಎದ್ದು ಒಲೆಯ ಕೋಣೆಗೆ ನಡೆದು, ಹ್ರಿಪ್ಸಿಮೆಯನ್ನು ಕೇಳಿದ: "ನಿಮ್ಮ ಊರಿನ ಹೆಸರು ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಅವನು ಅದನ್ನು ಎಲ್ಲಿ ಬರೆದ ಎಂದು ನಾನು ಹೇಳುವುದಿಲ್ಲ. ನೀವೇ ಹೇಳಿ ನೋಡೋಣ.