ಹಳದಿ ದಾರದ ಚಾರ್ಜರ್

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಸೀರೆ ನೇಯುತ್ತಿದ್ದಳು. ನಾನು ಚಿಗವ್ವ ಎನ್ನುತ್ತಿದ್ದೆ. ಮನೆಯ ಪ್ರತಿ ಚಾರ್ಜರಿಗೂ ಅವಳು ಮಗ್ಗದ ನೂಲು ಕಟ್ಟಿದ್ದಳು. ಕೆಂಪು ಮಗನದು, ಹಸಿರು ಸೊಸೆಯದು, ಹಳದಿ ತನ್ನದು. ಯಾರಾದರೂ ಅದಲುಬದಲು ಮಾಡಿದರೆ ಮಗ್ಗದಲ್ಲಿ ಕೂತಲ್ಲಿಂದಲೇ ಗದರುವಳು: "ಒಬ್ರ ಊಟ ಇನ್ನೊಬ್ರಿಗೆ ಒಗ್ಗಂಗಿಲ್ಲ."

ಮಗ, ಸೊಸೆ ಲಕ್ಷ್ಮೇಶ್ವರಕ್ಕೆ ಹೋಗಿದ್ದ ದಿನ ಹಳದಿ ದಾರದ ಚಾರ್ಜರ್ ಕೆಟ್ಟಿತು. ಮುಂಡರಗಿಯಲ್ಲಿ ಅವಳ ಮಗಳನ್ನು ಹೆರಿಗೆಗೆ ಸೇರಿಸಿದ್ದರು. ಸುದ್ದಿ ಬರಬೇಕಾದ ಫೋನು ಆರಿಹೋಗಿತ್ತು. ಸೊಸೆ ತನ್ನ ಚಾರ್ಜರ್ ಜೊತೆಗೆ ಒಯ್ದಿದ್ದಳು; ಗೋಡೆಯಲ್ಲಿ ಮಗನ ಫಾಸ್ಟ್ ಚಾರ್ಜರ್ ಇದ್ದರೂ ಚಿಗವ್ವ ಮುಟ್ಟಲಿಲ್ಲ.

"ಅದು ಭಾಳ ಜೋರೈತಿ ತಂಗಿ. ನಂದು ಹಳೇ ಫೋನು, ಸುಟ್ಟ ಹೊಕ್ಕೈತಿ."

"ಇಲ್ಲ ಚಿಗವ್ವಾ, ಫೋನು ತನಗ ಎಷ್ಟ ಬೇಕೋ ಅಷ್ಟ ತಗೊಂತೈತಿ" ಎಂದೆ.

ಕೊನೆಗೆ ಹಚ್ಚಿದಳು. ಮಗುವಿನ ಜ್ವರ ನೋಡುವ ಹಾಗೆ ಫೋನಿನ ಬೆನ್ನ ಮೇಲೆ ಅಂಗೈ ಇಟ್ಟು ಕೂತಳು. ಅದು ಸುಡಲಿಲ್ಲ, ಎಂದಿನಷ್ಟೇ ನಿಧಾನವಾಗಿ ತುಂಬಿಕೊಂಡಿತು.

"ಚಾರ್ಜರ್ ಎಷ್ಟ ಜೋರಿದ್ರೇನು, ಇದು ತನ್ನ ನಡಿಗಿ ಬಿಡವಲ್ದು" ಎಂದಳು.

ಮಧ್ಯಾಹ್ನ ಅಳಿಯನ ಫೋನು ಬಂತು. ಹೆಣ್ಣು ಮಗು. ಚಿಗವ್ವ ಚೀಲ ತುಂಬಿಕೊಂಡು ಬಸ್ಸು ಹತ್ತಿದಳು.

ಸಂಜೆ ಬಂದ ಮಗ ಮನೆಯೆಲ್ಲ ಹುಡುಕಿ, ನನ್ನೆದುರೇ ಅವಳಿಗೆ ಫೋನು ಮಾಡಿದ.

"ಅವ್ವಾ, ನನ್ನ ಚಾರ್ಜರ್ ಎಲ್ಲೈತಿ?"

"ನನ್ನ ಚೀಲದಾಗ ಐತಿ. ಹಳದಿ ದಾರ ಕಟ್ಟೇನಿ. ನೀ ಹಸರ ದಾರದ್ದು ಹಚ್ಕೋ. ಫೋನು ಹಸಿವಿದ್ದಷ್ಟ ಉಣ್ತೈತಿ."