ಮುಂದಿನ ಬಾಗಿಲು, ಹಿಂದಿನ ಬಾಗಿಲು

ಈಗ ಕೆಲವು ಬಸ್ಸುಗಳು ನಿಂತೊಡನೆ ಬಾಗಿಲ ಬಳಿಯ ಸ್ಪೀಕರಿನಿಂದ ತಾವು ಹೋಗುವ ಊರನ್ನು ತಾವೇ ಹೇಳುತ್ತವೆ. ಕಣ್ಣು ಕಾಣದ ನನ್ನಂಥವರಿಗೆ ದೊಡ್ಡ ಉಪಕಾರ, ಇಲ್ಲವೆನ್ನುವುದಿಲ್ಲ. ಆದರೂ ಕಾಪುವಿನ ನಿಲ್ದಾಣದಲ್ಲಿ ಕಂಡಕ್ಟರುಗಳು ಗಂಟಲು ಹರಿಯುವಂತೆ ಕೂಗುತ್ತಿದ್ದ ದಿನಗಳು ನೆನಪಾದರೆ ಮನಸ್ಸು ಅತ್ತಲೇ ಓಡುತ್ತದೆ. ಮದುವೆಯಾದ ಹೊಸತರಲ್ಲಿ, ಆ ಕೂಗಾಟದ ನಡುವೆಯೇ ನನ್ನ ಗಂಡ ಅರ್ಧ ದಿನದ ಮಟ್ಟಿಗೆ ಕಳೆದುಹೋಗಿದ್ದರು.

ಅವರಿಗೂ ಕಣ್ಣು ಕಾಣುವುದಿಲ್ಲ. ಉಡುಪಿಯ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ನಾನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಮದುವೆಗೆ ಮೊದಲು ದಿನವೂ ನನ್ನನ್ನು ಕರೆದೊಯ್ಯುತ್ತಿದ್ದವನು ಅಣ್ಣ. ಮೀನಿನ ವ್ಯಾಪಾರ ಬಿಟ್ಟು ಬರುತ್ತಿದ್ದ, ಪಾಪ. ಆದರೆ ನನಗೆ ಆ ಕಾವಲು ಸಾಕುಸಾಕಾಗಿತ್ತು. ಇನ್ನು ನಾವಿಬ್ಬರೇ ಹೋಗಿಬರುತ್ತೇವೆ ಎಂದು ಹಟ ಹಿಡಿದೆ. ಒಂದು ದಿನ ನೋಡುವ, ಎಡವಟ್ಟಾದರೆ ಮತ್ತೆ ನಾನೇ ಬರುವವ ಎಂದುಬಿಟ್ಟ ಅಣ್ಣ.

ನಮ್ಮ ಕಡೆಯ ಬಸ್ಸುಗಳಲ್ಲಿ ಹೆಂಗಸರಿಗೆ ಮುಂದಿನ ಬಾಗಿಲು, ಗಂಡಸರಿಗೆ ಹಿಂದಿನದು. ಆ ಬೆಳಿಗ್ಗೆ ಎರಡು ಬಸ್ಸುಗಳು ಒಂದರ ಬೆನ್ನಿಗೆ ಒಂದು ಬಂದು ನಿಂತವು. ಒಬ್ಬ ಉಡುಪಿ, ಮಣಿಪಾಲ ಎಂದು, ಇನ್ನೊಬ್ಬ ಶಿರ್ವ, ಕಾರ್ಕಳ ಎಂದು ಒಟ್ಟೊಟ್ಟಿಗೆ ಬೊಬ್ಬೆ. ನಾನು ಹಿಂದೆ ನಿಂತಿದ್ದ ಉಡುಪಿ ಬಸ್ಸಿನ ಮುಂದಿನ ಬಾಗಿಲು ಹತ್ತಿದೆ. ಅವರು ನನ್ನ ಕೈ ಬಿಟ್ಟು, ಪಕ್ಕಕ್ಕೆ ಸರಿದು, ಕೈಗೆ ಸಿಕ್ಕಿದ ಬಾಗಿಲು ಹತ್ತಿದರು. ಅದು ಮುಂದೆ ನಿಂತಿದ್ದ ಬಸ್ಸಿನ ಹಿಂದಿನ ಬಾಗಿಲು.

ನನಗೇನು ಗೊತ್ತು! ಹಿಂದೆ ಗಂಡ ಕೂತಿದ್ದಾರೆಂಬ ಜಂಬದಲ್ಲಿ ಉದ್ಯಾವರ ದಾಟಿದೆ. ಉಡುಪಿಯಲ್ಲಿ ಇಳಿದಿರಬೇಕು ಎಂದುಕೊಂಡು ಮಣಿಪಾಲಕ್ಕೆ ಬಂದು ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ನಂಬರಿಗೇ ಫೋನು ಬಂತು.

“ನಾನು ಕಾರ್ಕಳದಲ್ಲಿದ್ದೇನೆ ಮಾರಾಯ್ತಿ. ಭಾವನಿಗೆ ಹೇಳಬೇಡ.”

ಗಾಬರಿಯಾಯಿತು, ನಗುವೂ ಬಂತು. ಬಸ್ಸು ಕಿಕ್ಕಿರಿದಿದ್ದರಿಂದ ಕಂಡಕ್ಟರ್ ಟಿಕೆಟ್ಟಿಗೆ ಬಂದದ್ದೇ ಕಾರ್ಕಳದ ಹತ್ತಿರವಂತೆ. ಅವರು ಅಲ್ಲಿದ್ದವರನ್ನು ಕೇಳಿ ಉಡುಪಿಯ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಶಾಲೆ ಸೇರಿದರು.

ಆದರೆ ಕಾಪುವಿನಲ್ಲಿ ಗುಟ್ಟು ನಿಲ್ಲುತ್ತದೆಯೇ? ಇವರನ್ನು ಕಾರ್ಕಳದ ಬಸ್ಸಿನಲ್ಲಿ ಕಂಡವರು ಮೀನು ಮಾರ್ಕೆಟಿನಲ್ಲಿ ಹೇಳಿಯಾಗಿತ್ತು. ಸಂಜೆ ಅಣ್ಣ ನೆಟ್ಟಗೆ ನಮ್ಮ ಮನೆಗೆ ಬಂದು, ನಾಳೆಯಿಂದ ತಾನೇ ಬರುತ್ತೇನೆಂದ. ಗೆದ್ದದ್ದೆಲ್ಲ ಒಂದೇ ದಿನಕ್ಕೆ ಮುಗಿಯಿತಲ್ಲ ಎಂದು ಅಳು ಬಂತು.

ಇವರು ಮಾತ್ರ ತಣ್ಣಗೆ ಕೇಳಿದರು. “ಭಾವ, ಕಣ್ಣಿದ್ದವರೂ ಬಸ್ಸು ತಪ್ಪಿ ಹತ್ತುವುದು ಉಂಟು, ಅಲ್ವಾ? ಮರುದಿನದಿಂದ ಅವರ ಹಿಂದೆ ಯಾರಾದರೂ ಹೋಗುತ್ತಾರಾ?”

ಅಣ್ಣ ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನು ನಮ್ಮ ಗೇಟಿನ ಬಳಿ ನಿಂತಿದ್ದ. ಮೀನಿನ ವಾಸನೆಯಿಂದ ಗೊತ್ತಾಯಿತು. ನಾವಿಬ್ಬರೂ ಅವನನ್ನು ದಾಟಿ ರಸ್ತೆಗೆ ಇಳಿದೆವು. ನಾನು ಕಿವಿಗೊಟ್ಟೇ ನಡೆದೆ. ನಮ್ಮ ಹಿಂದೆ ಯಾರ ಹೆಜ್ಜೆಯೂ ಬರಲಿಲ್ಲ.